ಅಪ್ಪನ ಜಗಲಿಗೆ ಬಂದ ಪಿಚ್ಚಯ್ಯ

ಆಂಡರ್ಸನ್‌ಪೇಟೆ
೧೩ ಜೂನ್ ೧೯೮೨

ರತ್ನಕ್ಕನಿಗೆ,

ನಿನ್ನ ಅತ್ತೆಯವರ ಕಾಲುನೋವು ಕಡಿಮೆಯಾಗಿದೆ ಅಂದುಕೊಂಡಿದ್ದೇನೆ. ಇಲ್ಲಿ ನಾನಿದ್ದೇನೆ, ಶಾಲೆ ಶುರುವಾಗಿದೆ. ಬರೆಯುತ್ತಿರುವುದು ಅಪ್ಪನ ವಿಷಯಕ್ಕೆ.

ನಿನ್ನೆ ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಗೆ ಮತ್ತೆ ಹೋಗಿದ್ದೆ. ಬಾಗಿಲಲ್ಲಿ ನಿಂತು ‘ಅಪ್ಪಾ’ ಅಂದೆ ಅಷ್ಟೆ. ಅಪ್ಪ ಗೋಡೆ ಕಡೆ ತಿರುಗಿಕೊಂಡ. ಪಕ್ಕದ ಮನೆ ಕದಿರಮ್ಮ ಗಂಜಿ ತಂದು ನಿಂತಿದ್ದಳು. ಅವಳಿಗೆ ಹೇಳಿದ: “ಯಾರೋ ಬಂದವ್ರೆ ನೋಡು ಕದಿರಮ್ಮಾ. ಈ ಮನ್ಯಾಗೆ ಇದ್ದ ಮಗ ಒಳ್ಗೇ ಸತ್ತೋದ ಅಂತ ಯೇಳಿ ಕಳ್ಸು.” ನಾನು ವಾಪಸು ಬಂದೆ.

ಗಣಿಯಲ್ಲಿ ಬಂಡೆ ಸಿಡಿದು ತಮ್ಮ ಆಂಜಿಯೂ ಅಪ್ಪನ ಕಣ್ಣುಗಳೂ ಹೋದ ಮೇಲೆ ಅಪ್ಪ ನನ್ನ ಜೊತೆ ಮಾತಾಡಿಲ್ಲ. ಅವತ್ತು ಆಂಜಿಯ ಹೆಣದ ಮುಂದೆ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತು ಅಪ್ಪ ಆಡಿದ ಮಾತು ನೀನೂ ಕೇಳಿದ್ದೀಯ. ದೊಡ್ಡವನಾಗಿ ನಾನು ಇಳಿಯಬೇಕಿತ್ತು, ನಾನು ಮೇಷ್ಟ್ರಾಗುತ್ತೇನೆ ಅಂತ ಕೋಲಾರಕ್ಕೆ ಹೋದೆ, ನನ್ನ ಜಾಗದಲ್ಲಿ ತಮ್ಮ ಇಳಿದ. ಅದು ಸುಳ್ಳಲ್ಲ. ಅಪ್ಪ ಹೇಳಿದ್ದರಲ್ಲಿ ಯಾವುದೂ ಸುಳ್ಳಲ್ಲ.

ಕದಿರಮ್ಮ ಹೇಳಿದ್ದು ಬೇರೆ. ಅಪ್ಪ ನೆಲಕ್ಕೆ ಕಿವಿ ಕೊಟ್ಟು ಮಲಗುತ್ತಾನಂತೆ. ಕೆಳಗಿನಿಂದ ಆಂಜಿ ಬಡಿಯುತ್ತಿದ್ದಾನೆ ಅಂತ ತಾನೂ ಗಿಂಡಿಯಿಂದ ನೆಲ ಬಡಿಯುತ್ತಾನಂತೆ. ಬೀದಿಯಲ್ಲಿ ಹೋಗುವವರನ್ನು ಕೂಗಿ, ಗಣಿ ಮಣ್ಣು ಸುರಿದ ಆ ಸೈನೈಡ್ ದಿಬ್ಬದ ತುದಿಗೆ ಕರೆದುಕೊಂಡು ಹೋಗಿ ಬಿಡಿ, ಹಾರಿ ಸಾಯುತ್ತೇನೆ ಅನ್ನುತ್ತಾನಂತೆ. ಜನ ನಗುತ್ತಾರೆ, ಮುನಿಸ್ವಾಮಪ್ಪನಿಗೆ ಕಣ್ಣಿನ ಹಿಂದೆ ಬುದ್ಧಿಯೂ ಹೋಯಿತು ಅನ್ನುತ್ತಾರೆ. ಆದರೆ ಯಾರಾದರೂ ಒಬ್ಬರು, ಕುಡಿದವರೋ ತಿಳಿಯದವರೋ, ಸರಿ ಬಾ ಅಂದರೆ ಏನು ಗತಿ? ನೀನು ಬಂದು ಅಪ್ಪನನ್ನು ಬೂದಿಕೋಟೆಗೆ ಕರೆದುಕೊಂಡು ಹೋಗಕ್ಕ.

ನಿನ್ನ ತಮ್ಮ,
ಬಚ್ಚಪ್ಪ

*

ಬೂದಿಕೋಟೆ
೪ ಜುಲೈ ೧೯೮೨

ಬಚ್ಚನಿಗೆ,

ಕಾಗದ ಕಂಡ ಮೇಲೆ ನಾನು ನಿಮ್ಮ ಭಾವನನ್ನು ಕರೆದುಕೊಂಡು ನಂದಿದುರ್ಗಕ್ಕೆ ಹೋಗಿ ಬಂದೆ. ನಿನಗೆ ಹೇಳಿಕಳಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನೀನು ಬಂದಿದ್ದರೆ ಅಪ್ಪ ಬಾಯಿಯೇ ಬಿಡುತ್ತಿರಲಿಲ್ಲ.

ಎಷ್ಟು ಕರೆದರೂ ಬರುವುದಿಲ್ಲ. ‘ಆಂಜಿ ಮೇಲಕ್ ಬಂದ್ರೆ ಈ ಮನೆಗೇ ಬರ್ಬೇಕು, ಬಾಗ್ಲು ಆಕಿದ್ರೆ ಎಲ್ಲಿಗೋದಾನು?’ ಅನ್ನುತ್ತಾನೆ. ಮಣ್ಣು ಮಾಡಿದ್ದು ನೆನಪಿಲ್ಲವಾ ಅಪ್ಪಾ ಅಂದರೆ, ನೆನಪಿದೆ ಅನ್ನುತ್ತಾನೆ. ಎರಡೂ ಒಟ್ಟಿಗೆ ಅವನ ತಲೆಯಲ್ಲಿವೆ. ನಿಮ್ಮ ಭಾವ ಜೋರು ಮಾಡಿ ಎತ್ತಿಕೊಂಡೇ ಹೋಗೋಣ ಅಂದರು. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ಎಂಥ ಕೂಗು ಕೂಗಿದ ಅಂದರೆ ಲೈನಿನವರೆಲ್ಲ ಹೊರಗೆ ಬಂದರು. ಬಿಟ್ಟು ಬಂದೆವು.

ಒಂದು ಮಾತು ಹೇಳಬೇಕು. ಬಚ್ಚನ ಮೇಲೆ ಯಾಕಪ್ಪಾ ಇಷ್ಟು ಹಠ ಅಂತ ಕೇಳಿದೆ. ಅಪ್ಪ, “ಅವನ ದನಿ ಆಂಜಿ ದನಿ ಒಂದೇ ಅಲ್ವಾ. ಅವನು ಅಪ್ಪಾ ಅಂದಾಗೆಲ್ಲ ಎದ್ದು ಕುಂತ್ಕೋತೀನಿ. ಆಮ್ಯಾಕೆ ಇವನು ಅಂತ ಗೊತ್ತಾಯ್ತದೆ,” ಅಂದ.

ನನಗೂ ಅದು ನಿಜ ಅನ್ನಿಸಿತು. ಚಿಕ್ಕವರಿದ್ದಾಗ ಅಮ್ಮನೇ ಎಷ್ಟು ಸಲ ಒಬ್ಬರನ್ನು ಕೂಗಿ ಇನ್ನೊಬ್ಬರನ್ನು ಬೈದಿಲ್ಲ. ನೀನು ಸ್ವಲ್ಪ ದಿನ ಅವನ ಮುಂದೆ ಹೋಗಬೇಡ. ಕದಿರಮ್ಮನಿಗೆ ರಾಗಿ, ಸೊಪ್ಪು ಕೊಟ್ಟು ಬಂದಿದ್ದೇನೆ, ನೋಡಿಕೊಳ್ಳುತ್ತಾಳೆ. ನೀನು ವೇಳೆಗೆ ಸರಿಯಾಗಿ ಉಣ್ಣು.

ಇತಿ,
ನಿನ್ನ ಅಕ್ಕ ಗಂಗರತ್ನ

*

ಆಂಡರ್ಸನ್‌ಪೇಟೆ
೨೨ ಆಗಸ್ಟ್ ೧೯೮೨

ಅಕ್ಕ,

ಅಪ್ಪ ಊಟ ಮಾಡುತ್ತಿದ್ದಾನೆ. ನಿನ್ನೆ ಒಂದು ಮುದ್ದೆ ಪೂರ್ತಿ ಉಂಡ. ನಾನೇ ಪಕ್ಕದಲ್ಲಿ ಕೂತಿದ್ದೆ. ಇದು ಹೇಗಾಯಿತು ಅಂತ ಹೇಳಿದರೆ ನೀನು ಬೈಯುತ್ತೀಯ, ಆದರೂ ಹೇಳುತ್ತೇನೆ.

ಹೋಗಬೇಡ ಅಂತ ನೀನಂದಿದ್ದೆ, ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಹೋದೆ. ದೂರದಿಂದ ನೋಡಿಕೊಂಡು ಬರೋಣ ಅಂತ ಹೋದವನು ಬಾಗಿಲವರೆಗೂ ಹೋಗಿಬಿಟ್ಟೆ. ಅಪ್ಪ ಜಗಲಿಯ ಮೇಲಿದ್ದ. “ಯಾರ್ಲಾ ಅದು?” ಅಂದ. ನನ್ನ ದನಿ ತೆಗೆದರೆ ಮುಗಿಯಿತು. ಆಗ ಬಾಯಿಗೆ ಬಂದದ್ದು ಇನ್ನೊಂದು ದನಿ. ಮೂಗಿನಿಂದ ಬರುವ ಸಣ್ಣ ದನಿ, ತೆಲುಗು ತಮಿಳಿನ ರಾಗ ಬೆರೆತ ಮಾತು. “ನಾನು ಸಾಮಿ, ಪಿಚ್ಚಯ್ಯ. ಗಾಳಿ ತಿನ್ಕೊಂಡು ಓಗ್ತಿದ್ದೆ, ನಿಮ್ಮ ಜಗಲಿ ಸಿಕ್ತು,” ಅಂದೆ.

ನೆನಪಿದೆಯಾ, ಹೈಸ್ಕೂಲಿನಲ್ಲಿ ಕೋದಂಡಪ್ಪ ಮೇಷ್ಟ್ರು ಇಂಗ್ಲಿಷಿನ ಒಂದು ದುರಂತ ನಾಟಕದಿಂದ ಒಂದು ದೃಶ್ಯ ಕನ್ನಡ ಮಾಡಿ ಆಡಿಸಿದ್ದರು. ವೈರಿಗಳು ಕಣ್ಣು ಕಿತ್ತ ಮುದುಕ ದೊರೆ ಒಬ್ಬ. ಬೆಟ್ಟದಿಂದ ಬಿದ್ದು ಸಾಯಬೇಕು ಅಂತ ಹೊರಡುತ್ತಾನೆ. ಯಾರದೋ ಚಾಡಿ ಕೇಳಿ ಅವನೇ ಓಡಿಸಿದ ಮಗ ಹುಚ್ಚನ ವೇಷದಲ್ಲಿ ಬಂದು ಕೈ ಹಿಡಿದು ನಡೆಸುತ್ತಾನೆ. ಬಯಲನ್ನೇ ಬೆಟ್ಟದ ತುದಿ ಅಂತ ನಂಬಿಸುತ್ತಾನೆ. ಮುದುಕ ಹಾರಿ ನೆಲಕ್ಕೇ ಬೀಳುತ್ತಾನೆ. ಮಗ ಇನ್ನೊಂದು ದನಿಯಲ್ಲಿ, ಅಷ್ಟು ಎತ್ತರದಿಂದ ಬಿದ್ದೂ ನೀನು ಬದುಕಿದೆ, ದೇವರು ಕಾಪಾಡಿದ ಅನ್ನುತ್ತಾನೆ. ಮುದುಕ ನಂಬುತ್ತಾನೆ. ನಾನೇ ಆ ಮಗ. ನೀನು ಮುಂದಿನ ಸಾಲಿನಲ್ಲಿ ಕೂತು ಅತ್ತಿದ್ದೆ. ಆ ಹುಚ್ಚನ ದನಿಯೇ ಅವತ್ತು ಬಾಯಿಗೆ ಬಂತು. ಪಿಚ್ಚಿ ಅಂದರೆ ಹುಚ್ಚು ಅಂತ ಈ ಕಡೆ ಕೂಸಿಗೂ ಗೊತ್ತು, ಹೆಸರೂ ತಾನಾಗಿ ಬಂತು.

ಅಪ್ಪ ಪಕ್ಕಕ್ಕೆ ಸರಿದ. ಕೂತ್ಕೋ ಅಂದ. ಬೀಡಿ ಕೊಟ್ಟ. ಅಕ್ಕ, ಅಪ್ಪ ಎಂದಾದರೂ ನನಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟದ್ದು ನನಗೆ ನೆನಪಿಲ್ಲ.

ಈಗ ದಿನಾ ಹೋಗುತ್ತೇನೆ. ಹಳೇ ಪಂಚೆ, ಹರಿದ ಕೋಟು. ಅಪ್ಪನಿಗೆ ಕಾಣುವುದಿಲ್ಲ, ಆದರೆ ಇಸ್ತ್ರಿ ಬಟ್ಟೆಯಲ್ಲಿ ಆ ದನಿ ಹೊರಡುವುದಿಲ್ಲ. ಕದಿರಮ್ಮನಿಗೆ ವಿಷಯ ಗೊತ್ತು. ಬಾಯಿ ಬಿಡುವುದಿಲ್ಲ ಅಂದಿದ್ದಾಳೆ.

ಬಚ್ಚಪ್ಪ

*

ಬೂದಿಕೋಟೆ
೧ ಸೆಪ್ಟೆಂಬರ್ ೧೯೮೨

ಬಚ್ಚ,

ಅಪ್ಪ ಉಂಡ ಅಂತ ಓದಿ ಸಮಾಧಾನವಾಯಿತು. ಮಿಕ್ಕಿದ್ದು ಓದಿ ಕೂಡಲೇ ಬರೆಯಲು ಕೂತೆ. ಬೇಡ ಬಚ್ಚ. ಕಣ್ಣಿಲ್ಲದವನ ಮುಂದೆ ವೇಷ ಹಾಕುವುದು ಆಟವಲ್ಲ. ನಾಟಕ ಆದರೆ ಪರದೆ ಬೀಳುತ್ತದೆ, ಬಣ್ಣ ತೊಳೆದುಕೊಂಡು ಮನೆಗೆ ಬರಬಹುದು. ಇದನ್ನು ನೀನು ಎಲ್ಲಿಗೆ ನಿಲ್ಲಿಸುತ್ತೀಯ? ಒಂದು ದಿನ ಅಪ್ಪನಿಗೆ ತಿಳಿದರೆ ಕುರುಡನನ್ನು ಮೋಸ ಮಾಡಿದೆ ಅಂತ ಇನ್ನೊಂದು ಸಲ ಮಗನನ್ನು ಕಳೆದುಕೊಳ್ಳುತ್ತಾನೆ. ತಿಳಿಯದೇ ಹೋದರೆ ನೀನು ಸಾಯುವವರೆಗೂ ಆ ಜಗಲಿಯ ಮೇಲೆ ಹುಚ್ಚನಾಗಿ ಕೂರಬೇಕು.

ದಸರಾ ರಜೆಗೆ ಇಲ್ಲಿಗೆ ಬಾ. ಕೂತು ಮಾತಾಡೋಣ.

ಗಂಗರತ್ನ

*

ಆಂಡರ್ಸನ್‌ಪೇಟೆ
೨೮ ನವೆಂಬರ್ ೧೯೮೨

ಅಕ್ಕ,

ದಸರಾಕ್ಕೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಯಾಕೆ ಅಂತ ಈಗ ಹೇಳುತ್ತೇನೆ.

ಅಪ್ಪ ನನ್ನನ್ನು, ಅಂದರೆ ಪಿಚ್ಚಯ್ಯನನ್ನು, ದಿಬ್ಬಕ್ಕೆ ಕರೆದುಕೊಂಡು ಹೋಗು ಅಂತ ಕೇಳಲು ಶುರುಮಾಡಿದ. ಮೊದಲು ನಕ್ಕು ಹಾರಿಸಿದೆ. ಹಾಡು ಹೇಳಿದೆ, ಕೋತಿಯ ಹಾಗೆ ಕೂಗಿದೆ. ಅಪ್ಪ ಬಿಡಲಿಲ್ಲ. “ನೀನು ಪಿಚ್ಚಿ ಇದ್ದೀಯ, ನಿನ್ನ ಯಾರೂ ಕೇಳಾಕಿಲ್ಲ. ಬುದ್ಧಿ ಇರೋರು ಯಾರೂ ನನ್ನ ಕರ್ಕೊಂಡೋಗಾಕಿಲ್ಲ,” ಅಂದ. ಆಮೇಲೆ ಒಂದು ದಿನ ನಾನು ಹೋಗುವುದು ತಡವಾಯಿತು. ಆಗ ಅಪ್ಪ ಒಬ್ಬನೇ ಬೀದಿಗಿಳಿದು ಗೋಡೆ ತಡವಿಕೊಂಡು ಹೊರಟಿದ್ದನಂತೆ. ಕದಿರಮ್ಮ ಹಿಡಿದು ತಂದಿದ್ದಳು.

ಆವತ್ತು ತೀರ್ಮಾನ ಮಾಡಿದೆ. ಹೋದ ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋದೆ.

ದೊಡ್ಡ ದಿಬ್ಬದ ಪಕ್ಕ ಮಳೆನೀರು ಕೊಚ್ಚಿ ಬೇರೆಯಾದ ಒಂದು ಸಣ್ಣ ಗುಡ್ಡೆ ಇದೆ. ಹಿಂದಿನಿಂದ ಹತ್ತಿದರೆ ಇಳಿಜಾರು, ಮುಂದೆ ಮೊಣಕಾಲೆತ್ತರದ ಅಂಚು, ಕೆಳಗೆ ಮೆತ್ತನೆ ಒದ್ದೆ ಮರಳು. ಅಪ್ಪನನ್ನು ಸುತ್ತಿಸಿ ಸುತ್ತಿಸಿ ಹತ್ತಿಸಿದೆ. ಬೇಕೆಂದೇ ಏದುಸಿರು ಬಿಟ್ಟೆ. ಕೆಳಗೆ ಲೈನ್ ಮನೆಗಳು ಬೆಂಕಿಪೊಟ್ಟಣದ ಹಾಗೆ ಕಾಣುತ್ತಿವೆ ಸಾಮಿ, ಹಸು ಇರುವೆಯ ಹಾಗೆ ಕಾಣುತ್ತಿದೆ, ನನಗೆ ತಲೆ ತಿರುಗುತ್ತದೆ, ಅಂಚಿಗೆ ಬರಲಾರೆ ಅಂದೆ. ನಾಟಕದಲ್ಲಿ ಹೇಗೆ ಹೇಳಿದ್ದೆನೋ ಹಾಗೇ. ಗಾಳಿ ಜೋರಾಗಿತ್ತು, ಅದೂ ನನಗೆ ನೆರವಾಯಿತು.

ಅಪ್ಪ ನನ್ನ ಕೈ ಬಿಡಲಿಲ್ಲ. ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, “ಇದು ತುದೀನಾ?” ಅಂದ.

“ತುದಿ ಸಾಮಿ.”

“ಸುಳ್ ಯೇಳ್ತಿಲ್ಲ ತಾನೆ?”

“ಪಿಚ್ಚಿಯೋನು ಯಾಕೆ ಸುಳ್ ಯೇಳ್ಲಿ?”

“ಸರಿ. ನಿಂಗೆ ಒಳ್ಳೇದಾಗ್ಲಿ. ಇಂದಕ್ ತಿರುಗಿ ನೋಡ್ದಂಗೆ ಓಗು,” ಅಂದ. ಕೈ ಬಿಟ್ಟ. ನಾನು ಹಿಂದೆ ಸರಿದೆ. ಅಪ್ಪ ಒಂದು ಸಲ ಆಂಜಿಯ ಹೆಸರು ಹೇಳಿ ನೆಗೆದುಬಿಟ್ಟ.

ಮರಳಿನ ಮೇಲೆ ಬೋರಲಾಗಿ ಬಿದ್ದ. ಅಲುಗಲಿಲ್ಲ. ಅಕ್ಕ, ನನಗೆ ಜೀವ ಹಾರಿಹೋಯಿತು. ಮೊಣಕಾಲೆತ್ತರ ಅಷ್ಟೇ, ಆದರೆ ಸತ್ತೆ ಅಂತ ನಂಬಿ ಬಿದ್ದವನು ಸತ್ತೇ ಹೋಗಬಹುದಲ್ಲ ಅಂತ ಆಗ ಹೊಳೆಯಿತು. ಓಡಿಹೋಗಿ ಮುಟ್ಟಿದೆ. ಉಸಿರಿತ್ತು. ಆಗ ಮೂರನೇ ದನಿ ತೆಗೆದೆ, ದನ ಕಾಯುವ ಮುದುಕನ ದನಿ. “ಯಾರಪ್ಪಾ ನೀನು? ಮ್ಯಾಗ್ಲಿಂದ ಉರುಳ್ಕೊಂಡ್ ಬಂದೆಯಲ್ಲ, ಉಸುರೈತಾ? ನಿನ್ ಪಕ್ದಾಗಿದ್ದೋನು ಎಂಥೋನು, ದೆವ್ವದಂಗೆ ಓಡೋದ,” ಅಂದೆ.

ಅಪ್ಪ ಎದ್ದು ಕೂತ. ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟ. ಮತ್ತೆ ಹಿಡಿದ. “ಅಂಗಾರೆ ಇನ್ನೂ ಇರ್ಬೇಕು ಅಂತ ಐತೆ,” ಅಂದ. ಅದೇ ದನಿಯಲ್ಲಿ ಮಾತಾಡಿಸುತ್ತಾ ಮನೆಗೆ ಕರೆತಂದ ಮೇಲೆ ಕದಿರಮ್ಮನ ಹತ್ತಿರ, ಮಗಳ ಮನೆಗೆ ಕಳಿಸಿಕೊಡಿ ಅಂದನಂತೆ. ನೀನು ಬೇಗ ಬಾ. ನಾನು ಮಾಡಿದ್ದು ಮೋಸವೇ. ಆದರೆ ಅಪ್ಪ ಬದುಕಿದ್ದಾನೆ.

ಬಚ್ಚಪ್ಪ

*

ಬೂದಿಕೋಟೆ
೧೬ ಜನವರಿ ೧೯೮೩

ಬಚ್ಚ,

ಸಂಕ್ರಾಂತಿಗಾದರೂ ಬರುತ್ತೀಯ ಅಂತ ಎಳ್ಳು ಎತ್ತಿಟ್ಟು ಕಾದೆ. ಬಂಗಾರಪೇಟೆಯಿಂದ ಬಂದ ಪ್ರತಿ ಬಸ್ಸಿಗೂ ನಿಮ್ಮ ಭಾವ ನಿಲ್ದಾಣಕ್ಕೆ ಹೋಗಿ ನೋಡಿದರು.

ಅಪ್ಪ ಇಲ್ಲಿ ಚೆನ್ನಾಗಿದ್ದಾನೆ. ನೆಲಕ್ಕೆ ಕಿವಿ ಕೊಡುವುದಿಲ್ಲ. ಬೆಳಿಗ್ಗೆ ಹಾಲು ಕರೆಯುವಾಗ ಕೊಟ್ಟಿಗೆಗೆ ಬಂದು ಕರುವಿನ ಮೈ ಸವರುತ್ತಾ ಕೂರುತ್ತಾನೆ. ನಮ್ಮತ್ತೆ ಜೊತೆ ಹಳೇ ಮಾತು ಆಡುತ್ತಾನೆ. ಊಟಕ್ಕೆ ಕೂತರೆ ಮಾತ್ರ, ‘ಪಿಚ್ಚಯ್ಯ ಉಂಡಿರ್ತಾನಾ?’ ಅನ್ನುತ್ತಾನೆ. ದಿನಾ ಅನ್ನುತ್ತಾನೆ. ನಿನ್ನ ಹೆಸರು ಎತ್ತುವುದಿಲ್ಲ.

ಹೋದ ವಾರ ಕೊಟ್ಟಿಗೆಯಲ್ಲಿ ನಾವಿಬ್ಬರೇ ಇದ್ದಾಗ ಅಪ್ಪ ನನ್ನ ಹತ್ತಿರ ಒಂದು ವಿಷಯ ಹೇಳಿದ. ಯಾರಿಗೂ ಹೇಳಬೇಡ ಅಂತ ಕೈಮೇಲೆ ಕೈ ಹಾಕಿಸಿಕೊಂಡಿದ್ದಾನೆ. ಕಾಗದದಲ್ಲಿ ಬರೆಯಲಾರೆ. ನೀನು ಬಂದರೆ ಅಪ್ಪನೇ ಹೇಳಬಹುದು, ಇಲ್ಲ ಅಂದರೆ ಮುಂದಿನದು ನೋಡೋಣ. ಒಂದು ಸಲ ಬಾ.

ಗಂಗರತ್ನ

*

ಆಂಡರ್ಸನ್‌ಪೇಟೆ
೨೦ ಫೆಬ್ರವರಿ ೧೯೮೩

ಅಕ್ಕ,

ಬಾ ಅನ್ನುತ್ತೀಯ. ಯಾರಾಗಿ ಬರಲಿ? ಬಚ್ಚಪ್ಪ ಬಂದರೆ ಅಪ್ಪ ಗೋಡೆ ಕಡೆ ತಿರುಗುತ್ತಾನೆ. ಪಿಚ್ಚಯ್ಯ ಬಂದರೆ ನಿನ್ನ ಅತ್ತೆ ಮನೆಯವರು ಬಾಗಿಲು ಹಾಕುತ್ತಾರೆ. ಹಾಗಾಗಿ ಇಬ್ಬರೂ ಇಲ್ಲೇ ಇದ್ದೇವೆ.

ಸಂಜೆ ನಂದಿದುರ್ಗಕ್ಕೆ ಹೋಗುತ್ತೇನೆ. ಅಪ್ಪ ಇಲ್ಲ ಅಂತ ಗೊತ್ತಿದೆ. ಜಗಲಿ ಇದೆಯಲ್ಲ. ಕದಿರಮ್ಮ ಮುದ್ದೆ ಕೊಡುತ್ತಾಳೆ. ‘ಮೇಷ್ಟ್ರೇ, ಈಗ ಯಾರಿಗೋಸ್ಕರ ಈ ಕೋಟು?’ ಅಂತ ಒಂದು ದಿನ ಕೇಳಿದಳು. ಉತ್ತರ ಕೊಟ್ಟೆ, ಆದರೆ ಬಂದದ್ದು ಪಿಚ್ಚಯ್ಯನ ದನಿ. ಅವಳು ಹೆದರಿಕೊಂಡಳು. ಆಮೇಲೆ ನಾವಿಬ್ಬರೂ ನಕ್ಕೆವು.

ಶಾಲೆಯಲ್ಲೂ ಹಾಗೇ ಆಯಿತು. ಹಾಜರಿ ಕರೆಯುತ್ತಿದ್ದೆ, ನಡುವೆ ದನಿ ಬದಲಾಯಿತು. ನಾನು ಬದಲಾಯಿಸಲಿಲ್ಲ ಅಕ್ಕ, ತಾನೇ ಬದಲಾಯಿತು. ಮಕ್ಕಳು ನಕ್ಕರು. ಹೆಡ್ ಮಾಸ್ಟರು ಒಳ್ಳೆಯವರು, ಸ್ವಲ್ಪ ದಿನ ರಜೆ ತಗೊಳ್ಳಿ ಅಂದಿದ್ದಾರೆ. ರಜೆಯಲ್ಲಿದ್ದೇನೆ.

ನಿನಗೆ ಒಂದು ಹೇಳುತ್ತೇನೆ. ಪಿಚ್ಚಯ್ಯನನ್ನು ಯಾರೂ ‘ನೀನ್ಯಾಕೆ ಇಳಿಯಲಿಲ್ಲ’ ಅಂತ ಕೇಳುವುದಿಲ್ಲ. ಅವನಿಗೆ ತಮ್ಮನೇ ಇಲ್ಲ. ಆ ಕೋಟು ಹಾಕಿಕೊಂಡ ಕೂಡಲೇ ಎದೆಯ ಮೇಲಿನ ಬಂಡೆ ಯಾರೋ ಎತ್ತಿದ ಹಾಗಾಗುತ್ತದೆ. ಕೋಟು ತೆಗೆಯುವಾಗ ಮತ್ತೆ ಬಂದು ಕೂರುತ್ತದೆ. ಅದಕ್ಕೇ ಈಚೆಗೆ ತೆಗೆಯುವುದು ಕಡಿಮೆ ಮಾಡಿದ್ದೇನೆ.

ಅಪ್ಪ ಹೇಳಿದ ವಿಷಯ ಏನೇ ಇರಲಿ, ನನಗೆ ಬೇಡ. ಅವನು ಪಿಚ್ಚಯ್ಯ ಉಂಡನಾ ಅಂತ ಕೇಳುತ್ತಾನಲ್ಲ. ಉಂಡ ಅಂತ ಹೇಳು.

ಬಚ್ಚಪ್ಪ

*

ಬೂದಿಕೋಟೆ
೨೬ ಫೆಬ್ರವರಿ ೧೯೮೩

ಬಚ್ಚ,

ನಿನ್ನ ಕಾಗದ ಓದಿದೆ. ಅಪ್ಪನಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಪಾಪ ಬಂದರೆ ನನಗೇ ಬರಲಿ.

ಅಪ್ಪನಿಗೆ ಮೊದಲ ದಿನವೇ ಗೊತ್ತಿತ್ತು. ನೀನು ಬಾಯಿ ಬಿಡುವುದಕ್ಕೂ ಮುಂಚೆ. “ಬಾಗ್ಲಾಗೆ ನಿಂತು ಉಸುರು ಬಿಟ್ನಲ್ಲ, ಆವಾಗ್ಲೇ ಬಚ್ಚ ಅಂತ ಗೊತ್ತಾಯ್ತು. ಎತ್ತೋನ್ಗೆ ಗೊತ್ತಾಗಾಕಿಲ್ವಾ?” ಅಂದ. ಹಾಗಾದರೆ ಯಾಕಪ್ಪಾ ಸುಮ್ಮನಿದ್ದೆ ಅಂದೆ. ಆಂಜಿಯ ಹೆಣದ ಮುಂದೆ ಆಡಿದ ಮಾತು, ಬಾಯಿಬಿಟ್ಟು ವಾಪಸು ತಗೊಂಡರೆ ಸತ್ತವನಿಗೆ ಮೋಸ ಮಾಡಿದ ಹಾಗೆ ಅನ್ನಿಸಿತಂತೆ. ಪಿಚ್ಚಯ್ಯ ಅಂದರೆ ಮಾತೂ ಮುರಿಯುವುದಿಲ್ಲ, ಮಗನೂ ದಿನಾ ಬಂದು ಪಕ್ಕದಲ್ಲಿ ಕೂರುತ್ತಾನೆ. ಅಷ್ಟು ಸಾಕಾಗಿತ್ತಂತೆ. ಬೇರೆ ದನಿಯಾದ್ದರಿಂದ ಆಂಜಿಯ ನೆನಪೂ ಬರುತ್ತಿರಲಿಲ್ಲವಂತೆ.

ದಿಬ್ಬದ ವಿಷಯವೂ ಕೇಳಿದೆ. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಬರೆಯುತ್ತೇನೆ, ಯಾಕೆಂದರೆ ಇನ್ನು ನಮ್ಮ ಮೂವರ ನಡುವೆ ಏನೂ ಮುಚ್ಚಿಡಬಾರದು. ಅಪ್ಪ ಅದನ್ನು ನಿಜವಾದ ತುದಿ ಅಂತಲೇ ನಂಬಿದ್ದ. ಮಗನೇ ಕರೆದುಕೊಂಡು ಬಂದು ನಿಲ್ಲಿಸಿದ್ದಾನೆ, ಅವನಿಗೂ ನನ್ನಿಂದ ಸಾಕಾಗಿದೆ, ನಾನು ಅವನಿಗೆ ಮಾಡಿದ್ದಕ್ಕೆ ಇದು ಸರಿ ಅಂದುಕೊಂಡೇ ನೆಗೆದನಂತೆ. ಮರಳ ಮೇಲೆ ಬಿದ್ದು, ನೀನು ಓಡಿ ಬಂದು ಬೆನ್ನ ಮೇಲೆ ಕೈ ಇಟ್ಟು ಉಸಿರು ಹುಡುಕಿದೆಯಂತೆ. ಆಗ ತಿಳಿಯಿತಂತೆ. “ನನ್ ಮಗ ನನ್ನ ಕೊಲ್ಲಾಕೆ ಬರ್ಲಿಲ್ಲ ಕಣಮ್ಮಾ. ಉಳಿಸ್ಕೊಳ್ಳಾಕೆ ಎಷ್ಟ್ ಆಟ ಆಡ್ದ,” ಅಂತ ಕರುವಿನ ಕುತ್ತಿಗೆ ತಬ್ಬಿಕೊಂಡು ಅತ್ತ. ಆದರೂ ಆ ಹೊತ್ತಿನಲ್ಲಿ ನಿನ್ನ ಹೆಸರು ಹಿಡಿದು ಕರೆಯಲು ನಾಲಗೆ ಏಳಲಿಲ್ಲವಂತೆ.

ನಿನ್ನ ಕಾಗದ ಅವನಿಗೆ ಓದಿ ಹೇಳಿದೆ. ಈಗಿಂದೀಗಲೇ ಹೊರಡೋಣ ಅನ್ನುತ್ತಿದ್ದಾನೆ. ನಮ್ಮತ್ತೆಗೆ ಜೋರು ಜ್ವರ, ಹಾಸಿಗೆ ಬಿಟ್ಟು ಏಳುತ್ತಿಲ್ಲ, ಇಳಿದ ಕೂಡಲೇ ನಾವೇ ಬರುತ್ತೇವೆ. ಅಷ್ಟರಲ್ಲಿ ಸಾಧ್ಯವಾದರೆ ನೀನೇ ಬಸ್ಸು ಹತ್ತು. ಬಚ್ಚನಾಗಿ ಬಾ. ಆ ಕೋಟು ಒಲೆಗೆ ಹಾಕು.

ಗಂಗರತ್ನ

*

ನಂದಿದುರ್ಗ
ಮಾರ್ಚ್ ೧೯೮೩

ಅಮ್ಮಾ,

ತಾವು ಬರೆದ ಕಾಗದ ಬಂತು. ಬಚ್ಚಪ್ಪ ಮೇಷ್ಟ್ರು ಅನ್ನುವವರು ಇಲ್ಲಿ ಇಲ್ಲ. ಅವರ ಕೋಣೆ ಖಾಲಿ ಮಾಡಿಸಿದ್ದಾರೆ, ಕಾಗದವನ್ನು ಯಾರೋ ತಂದು ಜಗಲಿಯಲ್ಲಿ ಕೊಟ್ಟರು, ನಾನು ಒಡೆದು ಓದಿದೆ, ಕ್ಷಮಿಸಬೇಕು. ಓದು ಬರುತ್ತದೆ, ಹೇಗೆ ಬಂತೋ ಗೊತ್ತಿಲ್ಲ.

ಅದರಲ್ಲಿ ಬರೆದಿರುವುದು ದೊಡ್ಡವರ ವಿಷಯ. ಆ ಮುದುಕಪ್ಪನಿಗೆ ಎಲ್ಲ ಗೊತ್ತಿತ್ತು ಅಂತ ಬರೆದಿದ್ದೀರಿ. ಹಾಗಾದರೆ ಅವರ ಜೊತೆ ಕೂತಿದ್ದವನು ಯಾರು? ನಾನು ಅಲ್ಲವಾ? ನನಗೆ ಬೀಡಿ ಕೊಟ್ಟರು, ಜಾಗ ಕೊಟ್ಟರು. ಅದೆಲ್ಲ ಇನ್ನೊಬ್ಬನಿಗೆ ಕೊಟ್ಟದ್ದು ಅಂದರೆ ನಾನು ಎಲ್ಲಿಗೆ ಹೋಗಲಿ?

ಮೇಷ್ಟ್ರು ಬಂದರೆ ತಾವು ಕರೆದಿರೆಂದು ಹೇಳುತ್ತೇನೆ. ಅವರು ಬರುವ ಹಾಗೆ ಕಾಣುವುದಿಲ್ಲ.

ತಮ್ಮ ಜಗಲಿಯ
ಪಿಚ್ಚಯ್ಯ

*

ಬೂದಿಕೋಟೆ
೮ ಫೆಬ್ರವರಿ ೧೯೮೪

ಪೂಜ್ಯ ಕೋದಂಡಪ್ಪ ಮೇಷ್ಟ್ರಿಗೆ,

ಬಂಗಾರಪೇಟೆಯಿಂದ ತಾವು ಬರೆದ ಕಾಗದ ತಲುಪಿತು. ಕೆಲಸದಿಂದ ನಿವೃತ್ತರಾಗಿ ಇಷ್ಟು ವರ್ಷವಾದರೂ ಹಳೇ ಶಿಷ್ಯನನ್ನು ನೆನೆದು ವಿಚಾರಿಸಿದ್ದೀರಿ. ಸಂತೆಯಲ್ಲಿ ಯಾರೋ ಏನೋ ಹೇಳಿದರು, ನಿಜವೇ ಅಂತ ಕೇಳಿದ್ದೀರಿ. ನಿಜ.

ಅಪ್ಪನ ಹಠ ಮತ್ತು ಬಚ್ಚ ವೇಷ ಹಾಕಿದ್ದು ತಮಗೆ ತಿಳಿದಿದೆ ಅಂತ ಬರೆದಿದ್ದೀರಿ, ಆದ್ದರಿಂದ ಆಮೇಲಿನದು ಮಾತ್ರ ಹೇಳುತ್ತೇನೆ. ಹೋದ ಮಾರ್ಚಿನಲ್ಲಿ ಅವನಿಂದ ನನಗೆ ಒಂದು ಕಾಗದ ಬಂತು, ಅವನದೇ ದುಂಡು ಅಕ್ಷರ, ಕೆಳಗೆ ಬೇರೆ ಹೆಸರು. ಅವತ್ತೇ ಅಪ್ಪನನ್ನು ಕರೆದುಕೊಂಡು ನಂದಿದುರ್ಗಕ್ಕೆ ಹೋದೆ. ಬಚ್ಚ ಜಗಲಿಯ ಮೂಲೆಯಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು, ಕಾಲಿನಲ್ಲಿ ಹುಣ್ಣು. ಅಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯೊಳಗೇ ಅವನ ಹೆಸರು ಹೇಳಿಕೊಳ್ಳುತ್ತಾ ಬಂದಿದ್ದರು, ಎಲ್ಲಿ ಆ ಹೊತ್ತಿಗೆ ಮತ್ತೆ ನಾಲಗೆ ಕಟ್ಟುತ್ತದೋ ಅನ್ನುವ ಹಾಗೆ. ಕಟ್ಟಲಿಲ್ಲ. ಅಂಗಳದಿಂದಲೇ ಗಟ್ಟಿಯಾಗಿ ಕರೆದರು. “ಬಚ್ಚಾ. ನಾನಪ್ಪಾ, ಬಂದಿವ್ನಿ.”

ಅವನು ಎದ್ದು ನಿಂತು ಕೈಮುಗಿದ. “ಬನ್ನಿ ಸಾಮಿ. ಆ ಎಸ್ರಿನೋರು ಇಲ್ಲಿಗೆ ಬರಾಕಿಲ್ಲ. ನೀವೇ ಬ್ಯಾಡ ಅಂದಿದ್ರಂತಲ್ಲ.”

“ನಾನೇ ಅಂದಿದ್ದು. ತಪ್ಪಾಯ್ತು. ಬರಾಕೇಳು.”

“ಬಂದ್ರೆ ಯೇಳ್ತೀನಿ,” ಅಂದ. ಅಪ್ಪನಿಗೆ ಕೂರುವುದಕ್ಕೆ ಜಾಗ ಮಾಡಿಕೊಟ್ಟ.

ಮೊದಲು ನಾನು ಇದನ್ನು ಕೋಪ ಅಂದುಕೊಂಡೆ. ಅಪ್ಪ ಇಷ್ಟು ದಿನ ಆಡಿದ ಆಟಕ್ಕೆ ಇವನೂ ಆಟ ಆಡುತ್ತಿದ್ದಾನೆ ಅಂದುಕೊಂಡೆ. ಭುಜ ಹಿಡಿದು ಅಲುಗಿಸಿದೆ, ಕೆನ್ನೆಗೆ ಹೊಡೆದೆ. ಅವನು ನನ್ನನ್ನು ಬಸ್ ನಿಲ್ದಾಣದಲ್ಲಿ ಸಿಕ್ಕ ಯಾರೋ ಹೆಂಗಸನ್ನು ನೋಡುವ ಹಾಗೆ ನೋಡಿ, ಬೇಡಮ್ಮಾ ಅಂದ. ಆಗ ನನ್ನ ಕೈ ಕೆಳಗೆ ಬಂತು. ನಮ್ಮಮ್ಮ ತೀರಿಕೊಂಡ ಮೇಲೆ ನಾನು ಎತ್ತಿ ಬೆಳೆಸಿದ ಹುಡುಗ ಮೇಷ್ಟ್ರೇ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಡಾಕ್ಟರು ಚೆನ್ನಾಗಿಯೇ ನೋಡಿದರು. ಔಷಧಿಯಿಂದ ನಿದ್ದೆ ಬಂತು, ಹುಣ್ಣು ಮಾಯಿತು, ಮೈ ತುಂಬಿಕೊಂಡಿತು. ಹೆಸರು ಮಾತ್ರ ವಾಪಸು ಬರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಯಾವಾಗಲೋ ಬರಬಹುದು, ಬರದೆಯೂ ಇರಬಹುದು ಅಂದರು. ಬೂದಿಕೋಟೆಗೆ ಕರೆತಂದರೆ ಇಲ್ಲಿ ನಿಲ್ಲಲಿಲ್ಲ, ಎರಡು ಸಲ ನಡೆದುಕೊಂಡೇ ನಂದಿದುರ್ಗಕ್ಕೆ ಹೊರಟುಬಿಟ್ಟ. ಕೊನೆಗೆ ಅಪ್ಪನೇ, ನಾನು ಅವನ ಜೊತೆ ಅಲ್ಲೇ ಇರುತ್ತೇನೆ ಅಂದರು. ಕುರುಡರೊಬ್ಬರು ಬುದ್ಧಿ ಸರಿಯಿಲ್ಲದವನನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ನಾನು ಒಪ್ಪಲಿಲ್ಲ. “ಅವನು ನನ್ನ ನೋಡ್ಕೊಳ್ಳಲಿಲ್ವಾ?” ಅಂದರು. ಈಗ ಇಬ್ಬರೂ ಆ ಲೈನ್ ಮನೆಯಲ್ಲೇ ಇದ್ದಾರೆ. ಕದಿರಮ್ಮ ಅಡುಗೆ ಮಾಡಿಡುತ್ತಾಳೆ. ನಾನು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಅಪ್ಪ ಈಗ ಸಾಯುವ ಮಾತು ಎತ್ತುವುದೇ ಇಲ್ಲ. ಅದನ್ನು ನೆನೆಸಿಕೊಳ್ಳುವುದಕ್ಕೂ ತಮಗೆ ಪುರುಸೊತ್ತಿಲ್ಲ ಅನ್ನುತ್ತಾರೆ.

ಆ ದೃಶ್ಯ ಕಲಿಸಿದ್ದೇ ತಪ್ಪಾಯಿತೋ ಏನೋ ಅಂತ ತಾವು ಬರೆದಿದ್ದೀರಿ. ಹಾಗೆ ನೊಂದುಕೊಳ್ಳಬೇಡಿ. ಅದಿಲ್ಲದೇ ಇದ್ದಿದ್ದರೆ ಇನ್ನೇನಾದರೂ ಸಿಗುತ್ತಿತ್ತು ಅವನಿಗೆ. ಅಪ್ಪ ಒಂದು ಮಾತು ಹಿಡಿದು ಕೂತರು, ಇವನು ಒಂದು ದನಿ ಹಿಡಿದು ಕೂತ, ನಾನು ಗೊತ್ತಿದ್ದೂ ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ನೋಡಲು ಬರುತ್ತೇನೆ ಅಂದಿದ್ದೀರಿ. ದಯವಿಟ್ಟು ಬನ್ನಿ. ಅವನು ತಮ್ಮನ್ನು ಗುರುತು ಹಿಡಿಯದಿದ್ದರೆ ಅಪ್ಪನ ಮುಂದೆ ಅಳಬೇಡಿ, ಅವರಿಗೆ ಕೇಳಿಸುತ್ತದೆ.

ಮೊನ್ನೆ ಹೋಗಿದ್ದಾಗ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಒಳಗಿದ್ದೆ. ಅಪ್ಪ ಎರಡು ತಟ್ಟೆ ಮುಂದಿಟ್ಟುಕೊಂಡು, ಬೆರಳಲ್ಲಿ ಸಾರಿನ ಬಿಸಿ ನೋಡಿ, ಬಾಗಿಲ ಕಡೆ ಮುಖ ಮಾಡಿ “ಬಚ್ಚಾ” ಅಂತ ಕರೆದರು. ಹೊರಗಿನಿಂದ ಸದ್ದಿಲ್ಲ. ಸುಮ್ಮನೆ ಕಾದರು. ಇನ್ನೊಂದು ಸಲ ಕರೆದರು, ಮತ್ತೆ ಕಾದರು. ದಿನಾ ಹೀಗೇ ಮಾಡುತ್ತಾರಂತೆ, ಕದಿರಮ್ಮ ಆಮೇಲೆ ಹೇಳಿದಳು. ಕೊನೆಗೆ ದನಿ ತಗ್ಗಿಸಿ, “ಪಿಚ್ಚಯ್ಯಾ, ಮುದ್ದೆ ಆರೋಯ್ತದೆ, ಬಾರಪ್ಪಾ,” ಅಂದರು.

ತಕ್ಷಣ ಎದ್ದು ಬಂದ.

ತಮ್ಮ ಆಶೀರ್ವಾದ ಬೇಡುವ,
ಗಂಗರತ್ನಮ್ಮ